‘ಶರಪಂಜರ’ದ ಮುಕ್ತಾಯ

ತ್ರಿವೇಣಿಯವರ ‘ಶರಪಂಜರ’ ಕಾದಂಬರಿಯಲ್ಲಿ ರೋಗದ ವರ್ಣನೆಗಿಂತಲೂ ರೋಗ ವಾಸಿಯಾದ ಮೇಲಣ ಕಥೆಯೇ ಮುಖ್ಯವಾದುದು. ಕಾವೇರಿ ಚಿಕಿತ್ಸೆ ಪಡೆದು ಮನೆಗೆ ಮರಳುತ್ತಾಳೆ; ಆದರೆ ನೆರೆಹೊರೆಯ ಕಣ್ಣಿಗೆ ಅವಳು ಇನ್ನೂ ಹುಚ್ಚಿಯೇ. ಇತರರಲ್ಲಿ ಬರಿಯ ಕೋಪವೆನಿಸುವುದು ಅವಳಲ್ಲಿ ಉನ್ಮಾದದ ಲಕ್ಷಣವೆನಿಸುತ್ತದೆ. ಗಂಡನ ನಡತೆಯನ್ನು ಶಂಕಿಸಿದರೆ ಅದೂ ರೋಗವೇ. ಮನಶ್ಶಾಸ್ತ್ರವನ್ನು ವ್ಯಾಸಂಗಮಾಡಿದ್ದ ಲೇಖಕಿಯ ಸೂಕ್ಷ್ಮದೃಷ್ಟಿ ಇಲ್ಲಿ ಎದ್ದುಕಾಣುತ್ತದೆ. ಬೆಂಗಳೂರಿನ ಹುಚ್ಚಾಸ್ಪತ್ರೆಗೆ 1925ರಲ್ಲಿಯೇ ಮಾನಸಿಕ ಆಸ್ಪತ್ರೆಯೆಂದು ಹೆಸರಾಯಿತು. 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. ಆದರೂ ಯಲಹಂಕದಿಂದ ಹೊಸೂರು ರಸ್ತೆಯವರೆಗೆ ಆ ಹೊಸ ಹೆಸರೇ ಬೈಗುಳವಾಗಿ ಬಳಕೆಗೆ ಬಂದಿತು.

ಕಡೆಯಲ್ಲಿ ಕಾವೇರಿಯ ಬುದ್ಧಿ ಮತ್ತೆ ಕದಡುತ್ತದೆ. ಇದರಿಂದ ನೆರೆಹೊರೆಯವರ ಮಾತೇ ನಿಜವಾದಂತಾಗಲಿಲ್ಲವೆ ಎಂದು ಆಕ್ಷೇಪಿಸಬಹುದು. ಆಕ್ಷೇಪಣೆ ಹಗುರವಾದುದಲ್ಲ. 1971ರಲ್ಲಿ ಪುಟ್ಟಣ್ಣ ಕಣಗಾಲರು ತೆಗೆದ ಚಲಚ್ಚಿತ್ರವನ್ನು ನೋಡಿ ಕಣ್ಣೀರಿಟ್ಟವರಲ್ಲಿ ಎಷ್ಟು ಮಂದಿ ಅಂಥ ಸೊಸೆಯನ್ನು ಮನೆಗೆ ತಂದುಕೊಂಡಾರು? ಆದರೆ ಕಾರಣಗಳ ಸರಣಿಯನ್ನು ಗಮನಿಸಬೇಕು. ರೋಗಬೀಜ ತಾನಾಗಿ ಮತ್ತೆ ಮೊಳೆತುದಲ್ಲ. ಗಂಡನ ವಂಚನೆಯೂ ಸುತ್ತಣವರ ಅಂಜಿಕೆಯೂ ಅದಕ್ಕೆ ನೀರೆರೆದುವು. ಗಂಡನಿಗೆ ತನ್ನ ಪಕ್ಷವನ್ನು ಹೇಳಿಕೊಳ್ಳಲು ಇನ್ನಷ್ಟು ಎಡೆ ದೊರೆತಿದ್ದರೆ ಈ ಸರಣಿ ಮತ್ತೂ ಬಲವಾಗುತ್ತಿತ್ತು. ಅವನ ದೌರ್ಬಲ್ಯದ ಚಿತ್ರಣ ಕೊಂಚ ಅವಸರದ್ದಾಗಿದೆ.