ಕಾಪಿ ಮುಗಿಯಿತೋ, ಪೆಟ್ಟಿಗೆ ಮಾಯವಾಯಿತೋ?

2007ರ ಜನವರಿಯಲ್ಲಿ ವಿಂಡೋಸ್ ವಿಸ್ತಾ ಅಂಗಡಿಗೆ ಬಂದ ಮೇಲೆ ಎದ್ದ ದೂರುಗಳಲ್ಲಿ ದೊಡ್ಡ ದನಿಯದು ಫೈಲ್ ಕಾಪಿಯ ಬಗ್ಗೆ. ಅದೇ ಕಂಪ್ಯೂಟರ್, ಅದೇ ಹಾರ್ಡ್ ಡಿಸ್ಕ್, ಅದೇ ಫೋಲ್ಡರ್. ಹಿಂದಿನ ವಿಂಡೋಸ್ ಎಕ್ಸ್‌ಪಿಯಲ್ಲಿ ಚಕ್ಕನೆ ಮುಗಿಯುತ್ತಿದ್ದ ಕೆಲಸಕ್ಕೆ ವಿಸ್ತಾ ಏದುಸಿರು ಬಿಡುತ್ತಿತ್ತು. ಐದು ವರ್ಷ ಕಾಯಿಸಿ ಬಂದ ಹೊಸ ವಿಂಡೋಸ್ ಹಳೆಯದಕ್ಕಿಂತ ನಿಧಾನ ಎಂಬ ತೀರ್ಪು ಎಲ್ಲೆಡೆ ಹಬ್ಬಿತು. ಮರುವರ್ಷ ಫೆಬ್ರುವರಿಯಲ್ಲಿ ಮೈಕ್ರೋಸಾಫ್ಟ್‌ನ ಮಾರ್ಕ್ ರುಸಿನೋವಿಚ್ ಕಾಪಿಯ ಒಳಗುಟ್ಟನ್ನು ಬಿಡಿಸಿ ಬರೆದರು. ಎಕ್ಸ್‌ಪಿ ಮಾಡುತ್ತಿದ್ದುದು ಇಷ್ಟೇ: ಫೈಲನ್ನು ಓದಿ ಮೆಮೊರಿಯಲ್ಲಿರುವ ಕ್ಯಾಶ್‌ಗೆ ಸುರಿದು, ಪರದೆಯ ಮೇಲಿನ ಪೆಟ್ಟಿಗೆಯನ್ನು ಮುಚ್ಚಿಬಿಡುವುದು. ಡಿಸ್ಕಿಗೆ ಬರೆಯುವ ಕೆಲಸ ಆಮೇಲೆ, ಯಾರಿಗೂ ಕಾಣದಂತೆ ನಡೆಯುತ್ತಿತ್ತು. ದೊಡ್ಡ ಕಾಪಿಯೊಂದು ಕ್ಯಾಶ್ ತುಂಬಿ ಉಳಿದ ಪ್ರೋಗ್ರಾಂಗಳನ್ನು ಮೆಮೊರಿಯಿಂದ ಹೊರಗೆ ತಳ್ಳಬಾರದೆಂದು ವಿಸ್ತಾದ ಎಂಜಿನಿಯರುಗಳು ಕ್ಯಾಶ್ ಬಿಟ್ಟು ನೇರವಾಗಿ ಡಿಸ್ಕಿಗೆ ಬರೆಯಲು ಹೊರಟರು. ಹಾಗಾಗಿ ಬೈಟುಗಳು ನಿಜಕ್ಕೂ ಡಿಸ್ಕ್ ಮುಟ್ಟುವವರೆಗೆ ಪೆಟ್ಟಿಗೆ ಕದಲಲಿಲ್ಲ. ಸಾಲದ್ದಕ್ಕೆ, ಇನ್ನೆಷ್ಟು ಹೊತ್ತು ಹಿಡಿದೀತೆಂದು ಅಂದಾಜು ಹೇಳುವ ಮೊದಲು ಅದು 12 ಸೆಕೆಂಡು ಸುಮ್ಮನೆ ನೋಡುತ್ತ ಕೂರುತ್ತಿತ್ತು. ಸರ್ವಿಸ್ ಪ್ಯಾಕ್ 1ರಲ್ಲಿ ಬಹುಪಾಲು ಕಾಪಿಗಳು ಮತ್ತೆ ಕ್ಯಾಶ್‌ನ ಹಳೆಯ ಹಾದಿಗೇ ಬಂದವು. ಜನ ಸಮಾಧಾನಗೊಂಡರು. ಡಿಸ್ಕ್ ಮಾತ್ರ ಮೊದಲು ಎಷ್ಟು ಜೋರಾಗಿ ತಿರುಗುತ್ತಿತ್ತೋ ಆಗಲೂ ಅಷ್ಟೇ ಜೋರಾಗಿ ತಿರುಗುತ್ತಿತ್ತು.

ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರನ್ನೂ ಓಟಕ್ಕೆ ಬಿಟ್ಟು ಅಂಕ ಹಾಕುವ ಬೆಂಚ್‌ಮಾರ್ಕ್‌ಗಳನ್ನು ಓದುವಾಗಲೆಲ್ಲ ಈ ಪ್ರಕರಣವನ್ನು ಪಕ್ಕದಲ್ಲಿಟ್ಟುಕೊಳ್ಳಬೇಕೆಂದು ನನ್ನ ವಾದ. ಪ್ರೊಸೆಸರ್ ಒಂದೇ ಆದರೆ ಶುದ್ಧ ಲೆಕ್ಕಾಚಾರದಲ್ಲಿ ಮೂರರ ನಡುವೆ ಹೇಳಿಕೊಳ್ಳುವಂಥ ಅಂತರ ಉಳಿಯುವುದು ಅಪರೂಪ. ಅಂತರ ಕಾಣಿಸುವುದು ಕೆಲಸ ಮುಗಿಯಿತೆಂದು ಯಾವ ಘಟ್ಟದಲ್ಲಿ ಸಾರಬೇಕು, ಯಾವುದನ್ನು ಆಮೇಲೆ ಮಾಡಬಹುದು, ಯಾವುದನ್ನು ಮಾಡದೆಯೇ ಬಿಡಬಹುದು ಎಂಬ ತೀರ್ಮಾನಗಳಲ್ಲಿ. ಡೇಟಾಬೇಸ್ ಬರೆಯುವವರು ನೆಚ್ಚಿಕೊಂಡಿರುವ ಎಫ್‌ಸಿಂಕ್ ಎಂಬ ಕರೆಯನ್ನೇ ನೋಡಿ. ‘ಇದನ್ನು ಡಿಸ್ಕಿನಲ್ಲಿ ಭದ್ರಮಾಡಿ ಬಂದು ಹೇಳು’ ಎಂಬುದು ಅದರ ಆಶಯ. ಲಿನಕ್ಸ್‌ನ ಎಕ್ಸ್ಟ್4 ಫೈಲ್ ಸಿಸ್ಟಂ ಡಿಸ್ಕಿನೊಳಗಿನ ಕ್ಯಾಶನ್ನೂ ಖಾಲಿ ಮಾಡಿಸಿ ಬಂದು ಉತ್ತರ ಹೇಳುತ್ತದೆ. ಮ್ಯಾಕ್‌ನಲ್ಲಿ ಅದೇ ಹೆಸರಿನ ಕರೆ ಡೇಟಾವನ್ನು ಡಿಸ್ಕಿನ ಕೈಗೆ ಕೊಟ್ಟು ವಾಪಸಾಗುತ್ತದೆ. ಡಿಸ್ಕ್ ಅದನ್ನು ತನ್ನ ಕ್ಯಾಶ್‌ನಲ್ಲೇ ಇಟ್ಟುಕೊಂಡು ಕೂತರೂ ಕೇಳುವುದಿಲ್ಲ. ಪತ್ರವನ್ನು ಅಂಚೆ ಡಬ್ಬಿಗೆ ಹಾಕಿ ಬಂದು ತಲುಪಿತು ಎಂದಂತೆ. ನಿಜಕ್ಕೂ ತಲುಪಬೇಕೆಂದರೆ ಎಫ್ ಫುಲ್‌ಎಫ್‌ಸಿಂಕ್ ಎಂಬ ಬೇರೆ ಆಜ್ಞೆ ಬೇಕು. ಇದು ಗುಟ್ಟೇನಲ್ಲ, ಆಪಲ್‌ನ ಕೈಪಿಡಿಯಲ್ಲೇ ಇದೆ. ಎಸ್‌ಕ್ಯೂಲೈಟ್ ಇದಕ್ಕೆಂದೇ ಒಂದು ಆಯ್ಕೆಯನ್ನು ಇಟ್ಟಿದೆ. ಇದನ್ನು ಗಮನಿಸದೆ ಎರಡೂ ಕಡೆ ಒಂದೇ ಡೇಟಾಬೇಸ್ ಓಡಿಸಿ ಮ್ಯಾಕ್ ಗೆದ್ದಿತು ಎಂದು ಬರೆದರೆ, ಗೆದ್ದದ್ದೇನೆಂದು ಬರೆದವರಿಗೂ ಗೊತ್ತಿರುವುದಿಲ್ಲ. ಲಿನಕ್ಸ್ ಅಭಿಮಾನಿಗಳು ಬೀಗಬೇಕಾದದ್ದೂ ಇಲ್ಲ. 2009ರಲ್ಲಿ ಎಕ್ಸ್ಟ್4 ಹೊಸದಾಗಿ ಉಬುಂಟು 9.04ರ ಪರೀಕ್ಷಾ ಆವೃತ್ತಿಗೆ ಬಂದಾಗ, ಯಂತ್ರ ಹಠಾತ್ತನೆ ನಿಂತು ಮತ್ತೆ ಎದ್ದ ಮೇಲೆ ಕೆಲವರ ಸೆಟ್ಟಿಂಗ್ ಫೈಲುಗಳೆಲ್ಲ ಸೊನ್ನೆ ಬೈಟಿಗೆ ಇಳಿದಿದ್ದವು. ಹಿಂದಿನ ಎಕ್ಸ್ಟ್3 ಸುಮಾರು ಐದು ಸೆಕೆಂಡಿಗೊಮ್ಮೆ ಡಿಸ್ಕಿಗೆ ಇಳಿಸುತ್ತಿದ್ದುದನ್ನು ಎಕ್ಸ್ಟ್4 ಬಹಳ ಹೊತ್ತು ಮುಂದೂಡುತ್ತಿತ್ತು, ಅದರ ವೇಗದ ಒಂದು ಪಾಲು ಬಂದದ್ದೇ ಅಲ್ಲಿಂದ. ಆ್ಯಪ್ ಬರೆದವರು ಎಫ್‌ಸಿಂಕ್ ಕರೆಯಬೇಕಿತ್ತು ಎಂದು ಎಕ್ಸ್ಟ್4 ರೂಪಿಸಿದವರಲ್ಲೊಬ್ಬರಾದ ಟೆಡ್ ಚೋ ವಾದಿಸಿದರು, ತಾಂತ್ರಿಕವಾಗಿ ಸರಿಯಾದ ಮಾತೇ. ಆದರೂ ಲಿನಕ್ಸ್‌ನ ತಿರುಳಾದ ಕರ್ನಲ್‌ನ 2.6.30 ಆವೃತ್ತಿಯಲ್ಲಿ ಆ ಆ್ಯಪ್‌ಗಳಿಗಾಗಿ ಒಂದಿಷ್ಟು ವೇಗ ಬಿಟ್ಟುಕೊಡಬೇಕಾಯಿತು.

ಬೂಟ್ ಆಗುವ ಹೊತ್ತನ್ನು ಅಳೆಯುವ ಹೋಲಿಕೆಗಳಂತೂ ಇನ್ನೂ ಸಡಿಲ. 2012ರ ವಿಂಡೋಸ್ 8ರಿಂದ ಈಚೆಗೆ ‘ಶಟ್ ಡೌನ್’ ಒತ್ತಿದರೆ ಬಳಕೆದಾರರ ಪ್ರೋಗ್ರಾಂಗಳು ಮುಚ್ಚುತ್ತವೆಯೇ ಹೊರತು ಕರ್ನಲ್ ಸಾಯುವುದಿಲ್ಲ. ಅದರ ಆಗಿನ ಸ್ಥಿತಿಯನ್ನು ಡಿಸ್ಕಿನ ಒಂದು ಫೈಲಿಗೆ ಬರೆದಿಟ್ಟು, ಮತ್ತೆ ಪವರ್ ಒತ್ತಿದಾಗ ಅಲ್ಲಿಂದಲೇ ಎಬ್ಬಿಸಲಾಗುತ್ತದೆ. ಲಿನಕ್ಸ್ ಎದ್ದು ನಿಂತದ್ದನ್ನು ವಿಂಡೋಸ್ ಕಣ್ಣು ಬಿಟ್ಟದ್ದಕ್ಕೆ ಹೋಲಿಸಿ ಸೆಕೆಂಡು ಎಣಿಸಿದರೆ ಏನು ಬಂತು? ಎರಡನ್ನೂ ಸಮ ಮಾಡಬೇಕೆಂದಿದ್ದರೆ ‘ರೀಸ್ಟಾರ್ಟ್’ ಒತ್ತಬೇಕು, ಆಗ ವಿಂಡೋಸ್ ಪೂರ್ತಿ ಹೊಸದಾಗಿ ಏಳುತ್ತದೆ. ಒಂದೇ ಯಂತ್ರದಲ್ಲಿ ಎರಡನ್ನೂ ಇಟ್ಟುಕೊಂಡವರಿಗೆ ಇದರ ಬೆಲೆ ಗೊತ್ತು: ಅರೆನಿದ್ದೆಯಲ್ಲಿರುವ ವಿಂಡೋಸಿನ ಡ್ರೈವ್‌ಗೆ ಬರೆಯಲು ಲಿನಕ್ಸ್ ಒಪ್ಪುವುದಿಲ್ಲ. ಆಪಲ್ 2017ರಲ್ಲಿ ತಂದ ಎಪಿಎಫ್‌ಎಸ್‌ನಲ್ಲಿ ಎಷ್ಟೇ ದೊಡ್ಡ ವಿಡಿಯೊವನ್ನು ಅದೇ ಡ್ರೈವ್‌ನೊಳಗೆ ನಕಲು ಮಾಡಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಕಾರಣ ಅಲ್ಲಿ ನಕಲೇ ಆಗಿರುವುದಿಲ್ಲ; ಎರಡು ಹೆಸರುಗಳು ಒಂದೇ ಡೇಟಾವನ್ನು ತೋರಿಸುತ್ತಿರುತ್ತವೆ, ಒಂದನ್ನು ತಿದ್ದಿದಾಗಷ್ಟೇ ತಿದ್ದಿದ ಭಾಗ ಬೇರೆಯಾಗುತ್ತದೆ. ಸೊಗಸಾದ ಉಪಾಯ, ಅನುಮಾನವಿಲ್ಲ. ಆದರೆ ಅದನ್ನು ಕಾಪಿಯ ವೇಗ ಎಂದು ಪಟ್ಟಿಯಲ್ಲಿ ಬರೆಯುವುದು ತಪ್ಪು. ಕೆಲಸ ಬಿಟ್ಟು ಹಗುರಾಗುವುದರ ಇನ್ನೊಂದು ಉದಾಹರಣೆ ಕನ್ನಡಿಗರಿಗೇ ನೆನಪಿರಬೇಕು. ವಿಂಡೋಸ್ ಎಕ್ಸ್‌ಪಿಯಲ್ಲಿ ಭಾರತೀಯ ಲಿಪಿಗಳನ್ನು ಜೋಡಿಸುವ ಫೈಲುಗಳು ತಾವಾಗಿ ಬರುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಗುರುತು ಹಾಕಿ, ಸಿ.ಡಿ. ತೂರಿಸಬೇಕಿತ್ತು. ಹಾಕದಿದ್ದರೆ ಒತ್ತಕ್ಷರಗಳು ಕೆಳಗಿಳಿಯದೆ ಸಾಲಿನಲ್ಲೇ ಬಿಡಿಬಿಡಿಯಾಗಿ ನಿಲ್ಲುತ್ತಿದ್ದವು. ಇಂಗ್ಲಿಷ್ ಪುಟ ಎಷ್ಟು ಬೇಗ ತೆರೆಯಿತೆಂದು ಅಳೆದ ಯಾವ ಬೆಂಚ್‌ಮಾರ್ಕೂ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ನನ್ನ ವಾದಕ್ಕೆ ಬರುವ ಮೊದಲ ಆಕ್ಷೇಪ ಸುಲಭದ್ದಲ್ಲ. ಬಳಸುವವನಿಗೆ ಬೇಕಿರುವುದು ತನ್ನ ಕೈ ಖಾಲಿಯಾಗುವುದು. ಪೆಟ್ಟಿಗೆ ಬೇಗ ಮುಚ್ಚಿದರೆ ಅದೇ ವೇಗ, ಹಿಂದೆ ಏನಾದರೂ ನಡೆಯಲಿ ಎಂಬ ಮಾತು. ಅರ್ಧಕ್ಕಿಂತ ಹೆಚ್ಚು ಒಪ್ಪುತ್ತೇನೆ. ಮೇಜಿನ ಮೇಲಿನ ಕಂಪ್ಯೂಟರಿಗೆ ಒಟ್ಟು ಕೆಲಸಕ್ಕಿಂತ ಕಾಯಿಸದಿರುವುದು ಮುಖ್ಯ. ಆಸ್ಟ್ರೇಲಿಯಾದಲ್ಲಿ ಅರಿವಳಿಕೆ ತಜ್ಞರಾಗಿದ್ದುಕೊಂಡು ಬಿಡುವಿನಲ್ಲಿ ಲಿನಕ್ಸ್ ಕರ್ನಲ್ ತಿದ್ದುತ್ತಿದ್ದ ಕಾನ್ ಕೊಲಿವಾಸ್ ವರ್ಷಗಟ್ಟಲೆ ಹೇಳುತ್ತಿದ್ದುದೂ ಇದನ್ನೇ: ದೊಡ್ಡ ಸರ್ವರುಗಳಿಗಾಗಿ ತಿದ್ದಿ ತೀಡಿದ ಕರ್ನಲ್ ಮನೆಯ ಯಂತ್ರದಲ್ಲಿ ಹಾಡನ್ನು ತಡವರಿಸುವಂತೆ ಮಾಡುತ್ತಿದೆ. ಪ್ರೊಸೆಸರಿನ ಸರದಿಯನ್ನು ನ್ಯಾಯವಾಗಿ ಹಂಚುವ ಅವರ ಶೆಡ್ಯೂಲರನ್ನು ಬಿಟ್ಟು, ಹೆಚ್ಚುಕಡಿಮೆ ಅದೇ ತತ್ವದ ಮೇಲೆ ಇಂಗೊ ಮೋಲ್ನಾರ್ ಬರೆದ ಸಿಎಫ್‌ಎಸ್ 2007ರ ಅಕ್ಟೋಬರ್‌ನಲ್ಲಿ ಕರ್ನಲ್ ಸೇರಿತು. ಕೊಲಿವಾಸ್ ಬೇಸತ್ತು ದೂರ ಸರಿದರು. 2010ರ ಕೊನೆಗೆ ಮೈಕ್ ಗಾಲ್‌ಬ್ರೈತ್ ಬರೆದ ಇನ್ನೂರು ಚಿಲ್ಲರೆ ಸಾಲುಗಳ ಒಂದು ಪ್ಯಾಚ್ ಬಂತು. ಟರ್ಮಿನಲ್ಲಿನಲ್ಲಿ ಭಾರೀ ಕಂಪೈಲ್ ಓಡುತ್ತಿದ್ದರೆ ಅದರ ಹತ್ತಾರು ಪ್ರೊಸೆಸ್‌ಗಳನ್ನು ಒಂದೇ ಗುಂಪೆಂದು ಎಣಿಸಿ, ಪಕ್ಕದ ವಿಡಿಯೊ ಪ್ಲೇಯರಿಗೆ ಆ ಇಡೀ ಗುಂಪಿಗೆ ಸಮನಾದ ಪಾಲು ಕೊಡುವುದು ಅದರ ಕೆಲಸ. ಕಂಪೈಲ್ ಅದರಿಂದ ಬೇಗ ಮುಗಿಯಲಿಲ್ಲ. ಬೆಂಚ್‌ಮಾರ್ಕ್ ಅಂಕವೂ ಏರಲಿಲ್ಲ. ಆದರೆ ಲಿನಕ್ಸ್ ಡೆಸ್ಕ್‌ಟಾಪ್ ಬಳಸುತ್ತಿದ್ದವರು ಯಂತ್ರವೇ ಬದಲಾದಂತೆ ಹಿಗ್ಗಿದರು. 2020ರ ನವೆಂಬರ್‌ನಲ್ಲಿ ಬಂದ ಎಂ1 ಮ್ಯಾಕ್‌ಗಳ ಚುರುಕಿನಲ್ಲೂ ಇಂಥದೊಂದು ವ್ಯವಸ್ಥೆಯ ಪಾಲಿದೆ. ಬ್ಯಾಕಪ್, ಹುಡುಕಾಟದ ಸೂಚಿ ಕಟ್ಟುವುದು ಮುಂತಾದ ಹಿನ್ನೆಲೆಯ ಕೆಲಸಗಳನ್ನು ನಿಧಾನದ, ಕಡಿಮೆ ವಿದ್ಯುತ್ತಿನ ಕೋರ್‌ಗಳಿಗೆ ಕಟ್ಟಿಹಾಕಿ ಜೋರು ಕೋರ್‌ಗಳನ್ನು ಎದುರು ಕೂತವರಿಗೆ ಮೀಸಲಿಡುವುದು. ಬ್ಯಾಕಪ್ ತಡವಾಗುತ್ತದೆ, ಯಾರಿಗೂ ತಿಳಿಯುವುದಿಲ್ಲ. ನನ್ನ ತಕರಾರು ಇಂಥ ಜಾಣತನದ ಬಗ್ಗೆ ಅಲ್ಲ. ಮುಂದೂಡಿದ್ದಕ್ಕೆ ಬೆಲೆ ತೆರುವ ಗಳಿಗೆ ಯಾವುದೆಂದು ಹೇಳದೆ ಅಂಕ ಕೊಡುವುದರ ಬಗ್ಗೆ. ಪೆನ್ ಡ್ರೈವ್‌ಗೆ ಕಾಪಿ ‘ಮುಗಿದು’, ಕಿತ್ತುಕೊಂಡು ಹೋಗಿ ಜೆರಾಕ್ಸ್ ಅಂಗಡಿಯಲ್ಲಿ ಚುಚ್ಚಿದಾಗ ಫೈಲ್ ಅರ್ಧ ಇದ್ದರೆ, ಉಳಿಸಿದ ಹತ್ತು ಸೆಕೆಂಡಿನ ಲೆಕ್ಕ ತಲೆಕೆಳಗು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಎಲ್ಲವನ್ನೂ ಹೀಗೆ ಸರಿದೂಗಿಸಲಾಗದು, ಕೆಲವೆಡೆ ವಿಂಡೋಸ್ ನಿಜಕ್ಕೂ ನಿಧಾನ ಎನ್ನುವುದು. ಹೌದು, ನಿಧಾನವೇ. ಸಾವಿರಾರು ಪುಟ್ಟ ಫೈಲುಗಳನ್ನು ತೆರೆದು ಮುಚ್ಚುವ ಕೆಲಸವನ್ನು, ಉದಾಹರಣೆಗೆ ಗಿಟ್‌ನಲ್ಲಿ ದೊಡ್ಡ ಪ್ರಾಜೆಕ್ಟ್ ಇಳಿಸುವುದನ್ನು, ಅದೇ ಯಂತ್ರದಲ್ಲಿ ಲಿನಕ್ಸ್ ಹಾಕಿ ಮಾಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಮೈಕ್ರೋಸಾಫ್ಟ್ ಇದನ್ನು ಬಾಯಿಂದಲ್ಲ, ಕೃತಿಯಿಂದ ಒಪ್ಪಿಕೊಂಡಿದೆ. 2016ರಲ್ಲಿ ವಿಂಡೋಸ್ ಒಳಗೇ ಲಿನಕ್ಸ್ ಪ್ರೋಗ್ರಾಂ ಓಡಿಸುವ ಸೌಲಭ್ಯ ತಂದಾಗ ಲಿನಕ್ಸ್‌ನ ಕರೆಗಳನ್ನು ವಿಂಡೋಸ್ ಕರ್ನಲ್ಲಿಗೆ ತರ್ಜುಮೆ ಮಾಡುತ್ತಿದ್ದರು; ಫೈಲ್ ಕೆಲಸ ತೆವಳಿತು. 2019ರಲ್ಲಿ ಆ ಹಾದಿ ಬಿಟ್ಟು, ಹಗುರ ವರ್ಚುವಲ್ ಯಂತ್ರದೊಳಗೆ ನಿಜವಾದ ಲಿನಕ್ಸ್ ಕರ್ನಲ್ಲನ್ನೇ ಕೂರಿಸುವುದಾಗಿ ಪ್ರಕಟಿಸಿ, ಸಂಕುಚಿತ ಫೈಲ್ ಬಿಚ್ಚುವುದು 20 ಪಟ್ಟಿನವರೆಗೆ ಬೇಗವಾಗುತ್ತದೆ ಎಂದು ಕಂಪನಿಯೇ ಹೇಳಿಕೊಂಡಿತು. ಆದರೆ ನಿಧಾನದ ಮೂಲವನ್ನು ಹುಡುಕಿದರೆ ಸಿಗುವುದೇನು? ವಿಂಡೋಸಿನಲ್ಲಿ ಫೈಲ್ ತೆರೆಯುವ ಪ್ರತಿ ಕೋರಿಕೆಯೂ ಫಿಲ್ಟರ್ ಎಂಬ ಕಾವಲುಗಾರರ ಸಾಲನ್ನು ದಾಟಬೇಕು. ಆ್ಯಂಟಿವೈರಸ್, ಬ್ಯಾಕಪ್, ಎನ್‌ಕ್ರಿಪ್ಷನ್ ತಂತ್ರಾಂಶಗಳು ನಡುವೆ ನುಗ್ಗಿ ಇಣುಕಲೆಂದೇ ಬಿಟ್ಟ ಜಾಗ ಅದು. ನಿಧಾನಕ್ಕೆ ಅದೊಂದೇ ಕಾರಣವಲ್ಲ, ಆದರೆ ದೊಡ್ಡ ಕಾರಣ. 2023ರಲ್ಲಿ ಪ್ರೋಗ್ರಾಮರುಗಳಿಗಾಗಿ ಬಂದ ‘ಡೆವ್ ಡ್ರೈವ್’ ಈ ಗಂಟನ್ನು ಹೇಗೆ ಸಡಿಲಿಸಿತೆಂಬುದು ಕುತೂಹಲದ ಸಂಗತಿ: ಅಲ್ಲಿ ವಿಂಡೋಸಿನದೇ ಆ್ಯಂಟಿವೈರಸ್ ಡಿಫೆಂಡರ್ ಮೊದಲು ಫೈಲನ್ನು ತೆರೆಯಲು ಬಿಟ್ಟು, ತಪಾಸಣೆಯನ್ನು ಆಮೇಲೆ ಮುಗಿಸುತ್ತದೆ. ನಿಜವಾದ ಅಂತರದ ಒಂದು ಪಾಲನ್ನು ಕೂಡ ಕೆಲಸವನ್ನು ಆಚೆಗೆ ಸರಿಸಿಯೇ ತುಂಬಿದರು.

ಈಚಿನ ಜಗಳ ಆಟಗಳದ್ದು. 2025ರಲ್ಲಿ ಲೆನೊವೊದ ಲೀಜನ್ ಗೋ ಎಸ್ ಎಂಬ ಕೈಯಲ್ಲಿ ಹಿಡಿಯುವ ಯಂತ್ರ ವಿಂಡೋಸ್ 11ರಲ್ಲೂ ವಾಲ್ವ್ ಕಂಪನಿಯ ಲಿನಕ್ಸ್ ಆಧಾರಿತ ಸ್ಟೀಮ್‌ಓಎಸ್‌ನಲ್ಲೂ ಸಿಗತೊಡಗಿದಾಗ, ಒಂದೇ ಹಾರ್ಡ್‌ವೇರ್ ಮೇಲೆ ಎರಡನ್ನೂ ಪರೀಕ್ಷಿಸುವ ಅವಕಾಶ ವಿಮರ್ಶಕರಿಗೆ ಒದಗಿತು. ವಿಂಡೋಸಿಗೆಂದೇ ಬರೆದ ಹಲವು ಆಟಗಳು, ಪ್ರೋಟಾನ್ ಎಂಬ ತರ್ಜುಮೆಯ ಪದರ ದಾಟಿ ಬಂದರೂ, ಸ್ಟೀಮ್‌ಓಎಸ್‌ನಲ್ಲೇ ಹೆಚ್ಚು ಫ್ರೇಮ್ ಕೊಟ್ಟವು. ಲಿನಕ್ಸ್ ಪಾಳೆಯದಲ್ಲಿ ಹಬ್ಬ. ಆ ಗೆಲುವನ್ನು ನಾನು ಕಡೆಗಣಿಸುವುದಿಲ್ಲ, ಲಿನಕ್ಸ್‌ನ ಗ್ರಾಫಿಕ್ಸ್ ಡ್ರೈವರುಗಳು ನಿಜಕ್ಕೂ ಹದಗೊಂಡಿವೆ. ಆದರೂ ಎರಡು ಕಡೆಯೂ ಒಂದೇ ಹೊರೆ ಹೊತ್ತಿರಲಿಲ್ಲ. ವಿಂಡೋಸ್ 11 ಹೊಸದಾಗಿ ಹಾಕಿದಾಗ ಮೆಮೊರಿ ಇಂಟೆಗ್ರಿಟಿ ಎಂಬ ಕಾವಲು ಸಾಮಾನ್ಯವಾಗಿ ತಾನಾಗಿ ಚಾಲೂ ಇರುತ್ತದೆ. ಕರ್ನಲ್ಲಿಗೆ ಕಳ್ಳ ಡ್ರೈವರ್ ನುಗ್ಗದಂತೆ ವರ್ಚುವಲೈಸೇಷನ್ ನೆರವಿನಿಂದ ತಡೆಯುವ ಏರ್ಪಾಡು. ಆಟ ಚುರುಕಾಗಬೇಕಿದ್ದರೆ ಅದನ್ನು ಆರಿಸಬಹುದು, ಅಪಾಯ ನಿಮ್ಮದು ಎಂದು 2022ರಲ್ಲಿ ಮೈಕ್ರೋಸಾಫ್ಟೇ ದಾರಿ ತೋರಿಸಿತ್ತು. ಅತ್ತ ಸ್ಟೀಮ್‌ಓಎಸ್ ಆಟದ ಮೋಡ್‌ನಲ್ಲಿ ಪೂರ್ತಿ ಡೆಸ್ಕ್‌ಟಾಪನ್ನು ಏಳಿಸುವುದೇ ಇಲ್ಲ. ವಾಲ್ವ್ ತನ್ನದೇ ಕೈಯಂತ್ರವಾದ ಸ್ಟೀಮ್ ಡೆಕ್‌ಗೆ ಮಾಡುವಂತೆ ಗ್ರಾಫಿಕ್ಸ್ ಚಿಪ್ಪಿನಲ್ಲಿ ಓಡುವ ಶೇಡರು ಎಂಬ ಪುಟ್ಟ ಪ್ರೋಗ್ರಾಂಗಳನ್ನು ಮೊದಲೇ ಕಂಪೈಲ್ ಮಾಡಿ ಕಳಿಸಿದರೆ, ಆ ಕೆಲಸ ಆಡುವವನ ಗಡಿಯಾರದಲ್ಲಿ ಸೇರುವುದೇ ಇಲ್ಲ. ಕರ್ನಲ್ ಮಟ್ಟದ ಮೋಸ ತಡೆಯನ್ನು ಬೇಡುವ ವ್ಯಾಲರಂಟ್‌ನಂಥ ಆಟಗಳು ಅಲ್ಲಿ ಓಡುವುದಿಲ್ಲ, ಓಡದ ಆಟಕ್ಕೆ ಫ್ರೇಮ್ ಎಣಿಸುವವರಿಲ್ಲ.

ಹಾಗಿದ್ದರೆ ಹೋಲಿಕೆಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಬೇಕೇ? ಬೇಡ, ಪಕ್ಷಪಾತದಿಂದ ಮಾಡಿದ ಹೋಲಿಕೆ ಕೂಡ ಕೆಲಸಕ್ಕೆ ಬಂದದ್ದುಂಟು. 1999ರ ಏಪ್ರಿಲ್‌ನಲ್ಲಿ ಮೈಂಡ್‌ಕ್ರಾಫ್ಟ್ ಎಂಬ ಸಂಸ್ಥೆ ಫೈಲ್ ಸರ್ವರ್ ಆಗಿ ವಿಂಡೋಸ್ ಎನ್‌ಟಿ 4.0 ಲಿನಕ್ಸ್‌ಗಿಂತ 2.5 ಪಟ್ಟು, ವೆಬ್ ಸರ್ವರ್ ಆಗಿ 3.7 ಪಟ್ಟು ವೇಗ ಎಂದು ಸಾರಿತು. ಹಣ ಕೊಟ್ಟದ್ದು ಮೈಕ್ರೋಸಾಫ್ಟ್. ನಾಲ್ಕು ಪ್ರೊಸೆಸರ್, ನಾಲ್ಕು ನೆಟ್‌ವರ್ಕ್ ಕಾರ್ಡ್ ಇರುವ ಯಂತ್ರ ಯಾರ ಬಳಿಯಿದೆ, ಎನ್‌ಟಿ ಗೆಲ್ಲಲೆಂದೇ ಆರಿಸಿದ ಅಖಾಡ ಇದು ಎಂದು ಲಿನಕ್ಸ್ ಪಾಳೆಯ ಕೂಗಾಡಿತು. ಕೂಗು ನ್ಯಾಯವಾದದ್ದೇ. ಆದರೆ ಲಿನಕ್ಸ್ ತಜ್ಞರನ್ನೇ ಜತೆಗಿಟ್ಟುಕೊಂಡು ಮತ್ತೆ ಪರೀಕ್ಷಿಸಿದಾಗಲೂ ಎನ್‌ಟಿಯೇ ಮುಂದಿತ್ತು. ನಾಲ್ಕು ಪ್ರೊಸೆಸರುಗಳು ನೆಟ್‌ವರ್ಕಿನ ಒಂದೇ ಬೀಗಕ್ಕಾಗಿ ಸಾಲುಗಟ್ಟಿ ನಿಲ್ಲುತ್ತಿದ್ದುದು ಲಿನಕ್ಸ್‌ನ ನಿಜವಾದ ಕುಂದಾಗಿತ್ತು, ಬೈದಾಡಿದ ಮೇಲೆ ಅವರು ಕೂತು ಅದನ್ನು ತಿದ್ದಿದರು. 2001ರ ಜನವರಿಯ ಕರ್ನಲ್ 2.4ರಲ್ಲಿ ಆ ಬೀಗ ಒಡೆದು ಹಂಚಿಹೋಗಿತ್ತು. ಅಷ್ಟರಲ್ಲಿ ಅದೇ ಮೋಲ್ನಾರ್ ವೆಬ್ ಸರ್ವರನ್ನು ಕರ್ನಲ್ ಒಳಗೇ ಓಡಿಸುವ ಟಕ್ಸ್ ಬರೆದು, 2000ದಲ್ಲಿ ವಿಂಡೋಸನ್ನು ದೂರ ಹಿಂದಿಕ್ಕಿದ್ದರು. ಪ್ರೋಗ್ರಾಂ ಮತ್ತು ಕರ್ನಲ್ ನಡುವಿನ ಗೋಡೆ ತೆಗೆದರೆ ದಾಟುವ ಖರ್ಚು ಉಳಿಯುತ್ತದೆ. ವೇಗ ಬಂದದ್ದು ಅಲ್ಲಿಂದ. ಟಕ್ಸ್ ಮುಖ್ಯ ಕರ್ನಲ್ ಸೇರಲೇ ಇಲ್ಲ. ಮೈಕ್ರೋಸಾಫ್ಟ್ ಮಾತ್ರ 2003ರ ಸರ್ವರ್ ಆವೃತ್ತಿಯಲ್ಲಿ ಎಚ್‌ಟಿಟಿಪಿ.ಸಿಸ್ ಎಂಬ ಡ್ರೈವರ್ ಮೂಲಕ ಅದೇ ದಾರಿ ಹಿಡಿಯಿತು, ಅದು ಮನೆಯ ವಿಂಡೋಸಿಗೂ ಇಳಿಯಿತು. 2015ರ ಏಪ್ರಿಲ್‌ನಲ್ಲಿ ಆ ಡ್ರೈವರಿನಲ್ಲೊಂದು ತೂತು ಕಂಡಿತು: ಕಿಡಿಗೇಡಿಯೊಬ್ಬ ಬೇಕೆಂದೇ ವಕ್ರವಾಗಿ ಬರೆದ ಒಂದೇ ಒಂದು ವೆಬ್ ಕೋರಿಕೆ, ಮೈಕ್ರೋಸಾಫ್ಟ್‌ನ ವೆಬ್ ಸರ್ವರ್ ಐಐಎಸ್ ಹಾಕಿಕೊಂಡಿದ್ದ ವಿಂಡೋಸ್ 7 ಯಂತ್ರವನ್ನೂ ನೀಲಿ ಪರದೆಗೆ ಕೆಡವಬಲ್ಲದಾಗಿತ್ತು. ಪ್ಯಾಚ್ ಹಾಕುವವರೆಗಿನ ತಾತ್ಕಾಲಿಕ ಉಪಾಯವಾಗಿ ಮೈಕ್ರೋಸಾಫ್ಟ್ ಸೂಚಿಸಿದ್ದು ಐಐಎಸ್‌ನ ಕರ್ನಲ್ ಕ್ಯಾಶನ್ನು ಆರಿಸುವುದನ್ನು. ಹಾಗೆ ಮಾಡಿದರೆ ವೇಗಕ್ಕೆ ಹೊಡೆತ ಬೀಳಬಹುದೆಂದು ಆ ಪ್ರಕಟಣೆಯಲ್ಲೇ ಎಚ್ಚರಿಸಿತ್ತು.