ಕಡತದ ಮೇಲೆ ಬಾಜಿ

2025ರ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ರಜೆಗೆ ಬಂದಿದ್ದ ನನ್ನ ತಂಗಿಯ ಮಗ, ಹಿರೇಕೆರೂರಿನ ಕೆರೆ ಏರಿಯ ಮೇಲೆ ಕೂತು ಮೊಬೈಲನ್ನು ನನ್ನ ಮುಂದೆ ಹಿಡಿದ. ಅದರಲ್ಲಿದ್ದದ್ದು ಪಾಲಿಮಾರ್ಕೆಟ್ ಎಂಬ ಅಮೆರಿಕದ ಬಾಜಿಕಟ್ಟೆ. ಜೆಫ್ರಿ ಎಪ್‌ಸ್ಟೀನ್ ಪ್ರಕರಣದ ತನಿಖಾ ಕಡತಗಳನ್ನು ಅಲ್ಲಿನ ಸರ್ಕಾರ ಇಂಥ ತಾರೀಖಿನೊಳಗೆ ಬಿಡುಗಡೆ ಮಾಡುತ್ತದೆಯೇ, ಅವುಗಳಲ್ಲಿ ಯಾರ ಹೆಸರಿರುತ್ತದೆ ಎಂಬ ಪ್ರಶ್ನೆಗಳು. ‘ಹೌದು’ ಎಂಬುದಕ್ಕೊಂದು ಬೆಲೆ, ‘ಇಲ್ಲ’ ಎಂಬುದಕ್ಕೊಂದು. ಊಹೆ ನಿಜವಾದರೆ ಪ್ರತಿ ಷೇರಿಗೆ ಒಂದು ಡಾಲರ್, ತಪ್ಪಿದರೆ ಸೊನ್ನೆ. ಅವನು ದುಡ್ಡು ಹಾಕಿರಲಿಲ್ಲ, ನೋಡುತ್ತಿದ್ದ ಅಷ್ಟೆ.

“ಒಳಗ ಏನ್ ಐತಿ ಅಂತ ಓದಬೇಕಾಗಿಲ್ಲ ಮಾಮಾ, ಹೊರಗ ಬರತೈತೋ ಇಲ್ಲೋ ಅಷ್ಟ ಹೇಳಿದ್ರ ಸಾಕು” ಎಂದ.

ಈ ಬರಹಕ್ಕೆ ನನ್ನನ್ನು ಹಚ್ಚಿದ್ದು ಆ ಒಂದು ಮಾತು. ಓದಬೇಕಾಗಿಲ್ಲ! ಒಂದು ಕಡತದ ಬಗ್ಗೆ ಜಗತ್ತೆಲ್ಲ ಮಾತಾಡಬೇಕು, ಆದರೆ ಅದನ್ನು ಓದುವ ಅಗತ್ಯ ಯಾರಿಗೂ ಇರಬಾರದು.

ನಮ್ಮ ಕಡೆ ಬಾಜಿ ಹೊಸದಲ್ಲ. ಓಸಿ ಚೀಟಿ ಬರೆಯುವವನನ್ನು ಹಿಡಿದರೆ ‘ಕರ್ನಾಟಕ ಪೊಲೀಸ್ ಕಾಯ್ದೆ 78(3)’ ಎಂದು ಪತ್ರಿಕೆಯ ಮೂಲೆಯಲ್ಲಿ ಎರಡು ಸಾಲು ಬರುತ್ತದೆ. ಓಪನ್, ಕ್ಲೋಸ್ ಎಂಬ ಮಾತುಗಳ ಮೂಲ, ನ್ಯೂಯಾರ್ಕ್ ಹತ್ತಿ ಪೇಟೆಯ ಆರಂಭದ ಮತ್ತು ಮುಕ್ತಾಯದ ದರಗಳ ಮೇಲೆ ಮುಂಬಯಿಯಲ್ಲಿ ಕಟ್ಟುತ್ತಿದ್ದ ಬಾಜಿ. ಹತ್ತಿ ಬೆಳೆಯುವ ನಮ್ಮ ಸೀಮೆಗೆ ಅದು ಬಂದು ನೆಲೆಸಿದ್ದು ಬೇರೆಯದೇ ತಮಾಷೆ. ಓಸಿ ಎಷ್ಟೋ ಮನೆ ಮುರಿದಿದೆ, ಅದರ ಪರ ನಾನು ವಾದಿಸುವುದಿಲ್ಲ. ಆದರೆ ಓಸಿಯ ಅಂಕಿಗೆ ತಾಯಿಯಿಲ್ಲ, ಊರಿಲ್ಲ. ಏಳು ಬಂದರೂ ಎಂಟು ಬಂದರೂ ಅಂಕಿಯ ಮಾನ ಹೋಗುವುದಿಲ್ಲ. ತನಿಖಾ ಕಡತದಲ್ಲಿ ಇರುವುದು ಮನುಷ್ಯರು.

ಗುರುಗ್ರಾಮದ ಪ್ರೋಬೊ ಇದೇ ಹೌದು-ಇಲ್ಲದ ಆಟವನ್ನು ಹತ್ತು ರೂಪಾಯಿಯ ಲೆಕ್ಕದಲ್ಲಿ ಇಲ್ಲಿ ನಡೆಸುತ್ತಿತ್ತು. 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದ ಮೇಲೆ ಹಣದ ಆಟ ನಿಲ್ಲಿಸಿತು. ಕಾಯ್ದೆಯ ಚಿಂತೆ ಹಣ ಕಳೆದುಕೊಳ್ಳುವವರದು. ಬಾಜಿಗೆ ವಸ್ತುವಾದವರ ಚಿಂತೆ ಬೇರೆ, ಅದನ್ನು ಯಾರೂ ಎತ್ತಿಲ್ಲ.

ಈ ಪೇಟೆಗಳ ಪರ ಇರುವ ಗಟ್ಟಿ ವಾದ ಹಾಯೆಕ್‌ನದು. ಜನರಲ್ಲಿ ಚದುರಿಹೋಗಿರುವ ತಿಳಿವಳಿಕೆಯನ್ನು ಬೆಲೆಯೊಂದು ಒಟ್ಟುಮಾಡುತ್ತದೆ ಎಂದು ಅವನು 1945ರಲ್ಲೇ ಬರೆದ. ಮೆಕ್ಕೆಜೋಳದ ವಿಷಯದಲ್ಲಿ ಇದನ್ನು ಒಪ್ಪುತ್ತೇನೆ. ಯಾರ ಹೊಲದಲ್ಲಿ ತೆನೆ ಕಟ್ಟಿಲ್ಲ, ಎಲ್ಲಿ ಮಳೆ ಕೈಕೊಟ್ಟಿತು ಎಂಬುದು ಸಾವಿರ ಜನರಿಗೆ ಚೂರುಚೂರಾಗಿ ಗೊತ್ತಿರುತ್ತದೆ, ಪೇಟೆಯ ದರ ಅದನ್ನು ಕೂಡಿಸುತ್ತದೆ. ಆದರೆ ಸರ್ಕಾರದ ಕಡತ ಚದುರಿದ ತಿಳಿವಳಿಕೆಯಲ್ಲ. ಅದು ಬೀರುವಿನಲ್ಲಿದೆ, ಬೀಗದ ಕೈ ನಾಲ್ಕಾರು ಜನರ ಬಳಿ ಇದೆ. ಬೆಲೆ ಏರಿದರೆ ಅವರಲ್ಲೊಬ್ಬ ಬಾಯಿಬಿಟ್ಟಿರಬೇಕು, ಇಲ್ಲವೇ ಉಳಿದವರು ಕತ್ತಲಲ್ಲಿ ಕಲ್ಲು ಎಸೆಯುತ್ತಿರಬೇಕು. ಮೊದಲನೆಯದು ಕಳ್ಳತನ, ಎರಡನೆಯದು ಓಸಿ. ತಿಳಿವಳಿಕೆ ಎಲ್ಲಿದೆ?

ಅಬಲೂರಿನ ಬಾಜಿ ಆಗ ನೆನಪಾಯಿತು. ಅಲ್ಲಿನ ಸೋಮೇಶ್ವರ ಗುಡಿಯ, ಸುಮಾರು ಕ್ರಿ.ಶ. 1200ರ ಶಾಸನ ಏಕಾಂತದ ರಾಮಯ್ಯನ ಪಣವನ್ನು ಹೇಳುತ್ತದೆ. ತಲೆ ಕತ್ತರಿಸಿಕೊಂಡು ಶಿವನಿಗೆ ಒಪ್ಪಿಸಿ ಮರಳಿ ಪಡೆಯುತ್ತೇನೆ ಎಂದ. ಎದುರಾಳಿ ಜೈನರು ಸೋತರೆ ಏನು ಮಾಡಬೇಕೆಂಬುದನ್ನು ಓಲೆಯಲ್ಲಿ ಬರೆಸಿಕೊಂಡ. ಏಳು ದಿನಕ್ಕೆ ತಲೆ ಮರಳಿತು, ಅವರು ಮಾತಿನಂತೆ ನಡೆಯಲಿಲ್ಲ, ವ್ಯಾಜ್ಯ ಬಿಜ್ಜಳನ ಮುಂದೆ ಹೋಯಿತು, ಅಲ್ಲಿ ರಾಮಯ್ಯ ಆ ಓಲೆಯನ್ನು ಹಾಜರುಪಡಿಸಿದ. ಇದು ಗೆದ್ದವರ ಕಡೆಯ ಕಥೆ. ಸೋತವರ ಬಸದಿ ಏನಾಯಿತು ಎಂಬುದನ್ನು ಸಂಕಟವಿಲ್ಲದೆ ಓದಲಾಗದು. ನನ್ನನ್ನು ಹಿಡಿದದ್ದು ಅದರ ಕರಾರು. ಪಣಕ್ಕಿಟ್ಟದ್ದು ತನ್ನದೇ ತಲೆ, ಜಗಳ ಬಂದಾಗ ಎಲ್ಲರ ಮುಂದೆ ಓದಿದ್ದು ಬರೆದ ಓಲೆ.

ಪಾಲಿಮಾರ್ಕೆಟ್‌ನಲ್ಲಿ ಪಣಕ್ಕಿರುವುದು ಬೇರೆಯವರ ತಲೆ. ಅಲ್ಲಿ ಪ್ರತಿ ಪ್ರಶ್ನೆಯ ಕೆಳಗೂ ನಿಯಮಗಳಿವೆ. ‘ಬಿಡುಗಡೆ’ ಎಂದರೇನು, ಭಾಗಶಃ ಬಂದರೆ ಹೇಗೆ ಎಂದು ವಕೀಲರಂತೆ ಕೂದಲು ಸೀಳುತ್ತಾರೆ. ತಕರಾರು ಬಂದರೆ ಯೂಮಾ ಎಂಬ ಟೋಕನ್ ಇಟ್ಟುಕೊಂಡವರು ಮತ ಹಾಕಿ ಏನು ನಡೆಯಿತೆಂದು ತೀರ್ಮಾನಿಸುತ್ತಾರೆ. ಇಷ್ಟು ಸೂಕ್ಷ್ಮವಾಗಿ ಓದಬಲ್ಲವರು ಕಡತವನ್ನೇ ಓದಬಾರದೇ ಎನಿಸುತ್ತದೆ.

ಕಡತ ಹೊರಬರುವುದೆಂದರೆ ಏನೆಂದು ನಮ್ಮ ರಾಜ್ಯಕ್ಕೆ ಚೆನ್ನಾಗಿ ಗೊತ್ತು. 2024ರ ಏಪ್ರಿಲ್‌ನಲ್ಲಿ ಹಾಸನದಲ್ಲಿ ಮತದಾನಕ್ಕೆ ಮುಂಚೆ ಪೆನ್‌ಡ್ರೈವ್‌ಗಳು ಹರಿದಾಡಿದವು. ಸರ್ಕಾರ ಬಿಡುಗಡೆ ಮಾಡಿದ್ದಲ್ಲ, ಯಾರೋ ಚೆಲ್ಲಿದ್ದು. ಸಂತ್ರಸ್ತೆಯ ಗುರುತು ಬಯಲು ಮಾಡುವುದು ಆಗಿನ ದಂಡ ಸಂಹಿತೆಯ 228ಎ ಪ್ರಕಾರ ಅಪರಾಧ, ಈಗಿನ ನ್ಯಾಯ ಸಂಹಿತೆಯ 72ರ ಪ್ರಕಾರವೂ ಅಪರಾಧ. ಆದರೂ ಮುಖಗಳು ಮೊಬೈಲಿನಿಂದ ಮೊಬೈಲಿಗೆ ಹೋದವು, ಹೆಣ್ಣುಮಕ್ಕಳು ಊರು ಬಿಟ್ಟರು. ಅಂದು ‘ಹೊರಬರುತ್ತದೆಯೇ’ ಎಂದು ಬಾಜಿ ಕಟ್ಟಿದ್ದರೆ ‘ಹೌದು’ ಎಂದವನು ಗೆಲ್ಲುತ್ತಿದ್ದ.

ಇದಕ್ಕೆ ತಿರುಗುಮುರುಗಾದದ್ದು ಬೆಳ್ತಂಗಡಿಯದು. ಧರ್ಮಸ್ಥಳದ ಪ್ರಕರಣ ಎದ್ದ 2025ರಲ್ಲಿ, ಗುರುತು ಸಿಗದ ಶವಗಳ 2000ದಿಂದ 2015ರವರೆಗಿನ ದಾಖಲೆಗಳನ್ನು ನಾಶಪಡಿಸಲಾಗಿದೆ ಎಂದು ಪೊಲೀಸರು ಮಾಹಿತಿ ಹಕ್ಕಿನಡಿ ಕೊಟ್ಟ ಉತ್ತರ ಸುದ್ದಿಯಾಯಿತು. ಟಿವಿಯಲ್ಲಿ ಆಗ ಅಗೆಯುವ ಜಾಗಗಳಿಗೆ ನಂಬರು ಕೊಟ್ಟು, ಕ್ರಿಕೆಟ್ ಸ್ಕೋರಿನಂತೆ ಹದಿಮೂರನೇ ಪಾಯಿಂಟಿಗೆ ಕಾದು ಕೂತಿದ್ದೆವು. ನಾನೂ ಕೂತಿದ್ದೆ. ಇಲ್ಲದ ಕಡತದ ಬಗ್ಗೆ ಅಷ್ಟು ಹೊತ್ತು ಕೂತದ್ದು ನೆನಪಿಲ್ಲ. ಇಲ್ಲದ್ದರ ಮೇಲೆ ಬಾಜಿ ಕಟ್ಟಲು ಬರುವುದಿಲ್ಲವಲ್ಲ.

ಎಪ್‌ಸ್ಟೀನ್ ಕಡತಗಳ ಕಾನೂನು ಅಮೆರಿಕದ ಕೆಳಮನೆಯಲ್ಲಿ 427–1 ಮತಗಳಿಂದ ಗೆದ್ದು, ನವೆಂಬರ್ 19ರಂದು ಅಧ್ಯಕ್ಷರ ಸಹಿ ಪಡೆದಿತ್ತು. ಮೂವತ್ತು ದಿನದ ಗಡುವು. ಸಂತ್ರಸ್ತರ ಗುರುತು ಮುಚ್ಚಲು ಅವಕಾಶವಿತ್ತು, ಅದು ಸರಿಯೇ. ಡಿಸೆಂಬರ್ 19ರಂದು ಬಂದದ್ದು ಒಂದು ಭಾಗ. ಅದರಲ್ಲಿ ಗ್ರ್ಯಾಂಡ್ ಜ್ಯೂರಿಯ 119 ಪುಟಗಳ ಒಂದು ದಾಖಲೆ ಮೊದಲಿನಿಂದ ಕೊನೆಯವರೆಗೆ ಬರೀ ಕಪ್ಪು. ಅಳಿಯ ಪುಟ ಪುಟ ಸರಿಸಿ ತೋರಿಸಿದ. ಕಪ್ಪು, ಕಪ್ಪು, ಮತ್ತೆ ಕಪ್ಪು.

“ಇದು ಬಿಡುಗಡೆ ಅಂತ ಲೆಕ್ಕಕ್ಕ ಬರತೈತೇನೋ?” ಎಂದೆ.

“ನಿಯಮ ನೋಡಬೇಕು ಮಾಮಾ” ಎಂದು ಅವನು ಪಾಲಿಮಾರ್ಕೆಟ್ ತೆರೆದು ಕೆಳಗೆ ಸರಿಸತೊಡಗಿದ.