ಮರದ ಹದ

ಮಳೆ ಪೂರ್ತಿ ನಿಂತು ಗಾಳಿ ಒಣಗುವ ತನಕ ಪಾಲಿಶಿನ ಚಾಚಾ ಎಷ್ಟು ಕರೆದರೂ ಬರುವವರಲ್ಲ. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ತೇವದ ಗಾಳಿಯಲ್ಲಿ ಬಳಿದರೆ ಮರದ ಮೇಲೆ ಮಂಜಿನಂಥ ಬಿಳಿ ಪೊರೆ ಕಟ್ಟುತ್ತದೆ. ನವಿ ಮುಂಬಯಿಯ ಸೀವುಡ್ಸ್‌ನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಅರಗು ಎಲ್ಲಿ ಒಣಗೀತು! ನವರಾತ್ರಿ ಕಳೆದು, ಪಾಮ್ ಬೀಚ್ ರಸ್ತೆಯಾಚೆಯ ಕಾಂಡ್ಲಾ ಕಾಡಿನ ಮೇಲೆ ಬಿಸಿಲು ಚುರುಕಾದ ಒಂದು ಬೆಳಿಗ್ಗೆ ಅವರು ಬಂದರು. ಬಾಲ್ಕನಿಯಲ್ಲಿ ಹಳೆಯ ಚಾದರ ಹಾಸಿ, ಕುಂದಾಪುರದಿಂದ ಬಂದ ಅಜ್ಜನ ಬೀಟೆ ಕುರ್ಚಿಯನ್ನು ಅದರ ಮೇಲೆ ಮೆಲ್ಲಗೆ ಮಲಗಿಸಿದರು. ಪಕ್ಕದಲ್ಲಿ ನಾನೂ ಕೂತೆ. ಎರಡು ದಿನ ಏಳಲಿಲ್ಲ.

ಮೊದಲ ದಿನವೆಲ್ಲ ಉಜ್ಜುವುದೇ. ಹಳೆಯ ಪಾಲಿಶನ್ನು ಸ್ಪಿರಿಟ್ ಹಚ್ಚಿ ಒರೆಸಿ, ಒರಟು ಕಾಗದ, ಅದಕ್ಕಿಂತ ನಯವಾದದ್ದು, ಕೊನೆಗೆ ಬೆರಳಿಗೆ ಒರಟೇ ತಿಳಿಯದಷ್ಟು ನಯವಾದದ್ದು ಹೀಗೆ ಒಂದೊಂದಾಗಿ ಬದಲಿಸುತ್ತ ಹೋದರು. ಕೈ ಯಾವಾಗಲೂ ಮರದ ಎಳೆಯ ಉದ್ದಕ್ಕೇ ಓಡಬೇಕು. ಅಡ್ಡ ಉಜ್ಜಿದ ಒಂದೇ ಒಂದು ಗೀರು ಪಾಲಿಶಿನ ಕೆಳಗೆ ಕೂದಲಿನಂತೆ ಎದ್ದು ಕಾಣುತ್ತದೆ. ಬೀಟೆಯ ಮೈಯಲ್ಲಿ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳಿರುತ್ತವೆ. ಅವನ್ನು ಕಾವಿ ಬೆರೆಸಿದ ಸೀಮೆಸುಣ್ಣದ ಹಿಟ್ಟಿನಿಂದ ತುಂಬಿ ಮತ್ತೆ ಉಜ್ಜಿದರು. ಎರಡನೆಯ ದಿನ ಹತ್ತಿಯ ಉಂಡೆಯನ್ನು ಹಳೆಯ ಮಲ್‌ಮಲ್ ಬಟ್ಟೆಯಲ್ಲಿ ಸುತ್ತಿ, ಅರಗಿನಲ್ಲಿ ಅದ್ದಿ ಹಿಂಡಿ, ಅದಕ್ಕೆ ಒಂದು ಹನಿ ಎಣ್ಣೆ ಮುಟ್ಟಿಸಿ, ಎಂಟರ ಅಂಕಿ ಬರೆಯುವಂತೆ ಕೈಯಾಡಿಸತೊಡಗಿದರು. ಕೈ ನಡುವೆ ನಿಲ್ಲುವಂತಿಲ್ಲ, ನಿಂತರೆ ಬಟ್ಟೆ ಅಂಟಿ ಗುರುತು ಬೀಳುತ್ತದೆ. ಬಳಿದದ್ದು ಕಾಣದಷ್ಟು ತೆಳುವಾದ ಪದರ. ಅದು ಒಣಗಿದ ಮೇಲೆ ಇನ್ನೊಂದು, ಮತ್ತೊಂದು.

ಮಧ್ಯಾಹ್ನದ ಹೊತ್ತಿಗೆ ಕುರ್ಚಿಯ ತೋಳಿನೊಳಗೆ ದೀಪ ಹಚ್ಚಿದಂತಾಯಿತು. ಒಳಗೆ ಎಂದದ್ದು ಬಾಯಿಮಾತಿಗಲ್ಲ. ಒರಟು ಮರದ ಮೇಲೆ ಬಿದ್ದ ಬೆಳಕು ಅಲ್ಲೇ ಚೆದುರಿಹೋಗುತ್ತದೆ. ಅರಗಿನ ತಿಳಿ ಪದರವಾದರೋ ಬೆಳಕನ್ನು ಒಳಕ್ಕೆ ಬಿಟ್ಟುಕೊಡುತ್ತದೆ. ಅಲ್ಲಿ ಒಂದೊಂದು ಕಡೆ ಒಂದೊಂದು ಓರೆಯಲ್ಲಿ ಮಲಗಿರುವ ನಾರುಗಳಿಗೆ ತಾಗಿ ಅದು ಹಿಂತಿರುಗುತ್ತದೆ. ಅದಕ್ಕೇ ನಾವು ಒಂದು ಹೆಜ್ಜೆ ಸರಿದರೆ ಕಪ್ಪಾಗಿದ್ದ ಗೆರೆ ನೇರಳೆಯಾಗುತ್ತದೆ, ನೇರಳೆ ಜೇನಾಗುತ್ತದೆ. ಈ ಅರಗು ಮುತ್ತುಗ, ಬೋರೆ, ಕುಸುಮ ಮರಗಳ ಎಳೆಗೊಂಬೆಯ ರಸ ಹೀರುವ ಪುಟ್ಟ ಹುಳು ತನ್ನ ಸುತ್ತ ಕಟ್ಟಿಕೊಂಡ ಗೂಡು. ಒಂದು ಮರದ ರಸ ಹುಳುವಿನ ಒಡಲು ಹಾದು ಬಂದು ಇನ್ನೊಂದು ಮರಕ್ಕೆ ಕನ್ನಡಿಯಾಗುವುದನ್ನು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಬೀಟೆಗೆ ಇಷ್ಟೆಲ್ಲ ಉಪಚಾರ ಸಲ್ಲುತ್ತದೆ, ಏಕೆಂದರೆ ಅದರ ಮೈ ಬಿಗಿ, ಬಣ್ಣ ಆಳ. ಮೈಸೂರಿನ ಕುಸುರಿಯವರು ಬೀಟೆಯ ಹಲಗೆಯನ್ನೇ ಆಕಾಶವಾಗಿ ಬಳಸುತ್ತಾರೆ. ಚಿತ್ರದ ಗೆರೆಯಂತೆ ಹಲಗೆಯನ್ನು ತೋಡಿ, ಅದೇ ಅಳತೆಗೆ ಕೊರೆದ ಬೇರೆ ಬೇರೆ ಮರದ ಚೂರುಗಳನ್ನು ಅಲ್ಲಿ ಕೂರಿಸುತ್ತಾರೆ. ಹಳದಿ, ಕೆಂಪು, ಕೆನೆ ಎಲ್ಲವೂ ಆ ಮರಗಳಿಗೆ ಹುಟ್ಟಿನಿಂದ ಬಂದ ಬಣ್ಣ. ಹಿಂದೆ ಈ ಚೂರುಗಳ ಜಾಗದಲ್ಲಿ ದಂತವಿರುತ್ತಿತ್ತು. ಮರದ ಹಳೆಯ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ ಎದ್ದು 1912ರಲ್ಲಿ ಮುಗಿದ ಈಗಿನ ಮೈಸೂರು ಅರಮನೆಯಲ್ಲಿ ದಂತ ಕೂರಿಸಿದ ಬೀಟೆ ಬಾಗಿಲನ್ನು ಇಂದಿಗೂ ನೋಡಬಹುದು. ಆನೆಯನ್ನು ಕೊಲ್ಲದೆಯೂ ಆ ಚೆಲುವನ್ನು ಮರದಿಂದಲೇ ತೆಗೆಯಬಹುದೆಂದು ತೋರಿಸಿದ ಇಂದಿನ ಕೈಗಳ ಮೇಲೆ ನನಗೆ ಹೆಚ್ಚು ಗೌರವ.

ತೇಗದ ಸ್ವಭಾವವೇ ಬೇರೆ. ನಮ್ಮ ಕಟ್ಟಡದ ಮರಾಠಿ ಬಡಗಿ ಅದನ್ನು ‘ಸಾಗ’ ಎನ್ನುತ್ತಾನೆ, ಧಾರವಾಡದ ಕಡೆಯವರು ಸಾಗವಾನಿ ಎಂದಂತೆ. ಬೀಟೆ ಅವನಿಗೆ ‘ಶಿಸವ’, ಹಲಸು ‘ಫಣಸ’. ತೇಗಕ್ಕೆ ಕೀಸುಳಿ ಹಿಡಿದ ಅವನು ಮತ್ತೆ ಮತ್ತೆ ಅಲಗು ಮಸೆಯುತ್ತಾನೆ. ಆ ಮರದೊಳಗೆ ಮರಳಿನ ಜಾತಿಯ ಸಿಲಿಕಾ ಇದೆ, ಅಲಗನ್ನು ತಿನ್ನುತ್ತದೆ. ಜೊತೆಗೆ ಸ್ವಂತ ಎಣ್ಣೆಯೂ ಇದೆ. ಹೊಸದಾಗಿ ಕೀಸಿದ ತೇಗದ ಮೇಲೆ ಅಂಗೈ ಇಟ್ಟರೆ ಆ ಜಿಡ್ಡು, ಚರ್ಮದಂಥ ಆ ವಾಸನೆ ಕೈಗೆ ಹತ್ತುತ್ತದೆ. ಗೆದ್ದಲೂ ನೀರೂ ಅದನ್ನು ಬೇಗ ಮುಟ್ಟದಿರುವುದು ಇದರಿಂದಲೇ. 1817ರಲ್ಲಿ ಮುಂಬಯಿಯ ಹಡಗುಕಟ್ಟೆಯಲ್ಲಿ ಜಮ್‌ಶೇಟ್‌ಜಿ ಬೊಮನ್‌ಜಿ ವಾಡಿಯಾ ಮಲಬಾರಿನ ತೇಗದಿಂದ ಕಟ್ಟಿದ ಟ್ರಿಂಕೋಮಲಿ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಈಗಲೂ ನೀರಿನ ಮೇಲೆ ತೇಲುತ್ತಿದೆ. ಅದು ಹುಟ್ಟಿದ ಬಂದರು ನಮ್ಮ ಮನೆಯಿಂದ ಕೊಲ್ಲಿಯ ಆಚೆ ದಡ. ಇಂಥ ಮರಕ್ಕೆ ದಪ್ಪ ವಾರ್ನಿಷ್ ಬೇಡ, ತೆಳ್ಳಗೆ ಜೇನುಮೇಣ ತಿಕ್ಕಿದರೆ ಸಾಕು.

ಚನ್ನಪಟ್ಟಣದ ಗೊಂಬೆಗಳ ಆಲೆಮರಕ್ಕೆ ತನ್ನದೆಂಬ ಬಣ್ಣವಿಲ್ಲ. ಹಾಲಿನಂಥ ಬಿಳುಪು, ಮೆತ್ತಗಿನ ಮೈ, ಕಣ್ಣಿಗೆ ಬೀಳದಷ್ಟು ನವಿರಾದ ಎಳೆ. ಅದಕ್ಕೇ ಅದು ಎಲ್ಲ ಬಣ್ಣವನ್ನೂ ಬರಮಾಡಿಕೊಳ್ಳುತ್ತದೆ. ಕಡೆಯುವ ಯಂತ್ರದಲ್ಲಿ ಗರಗರ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೇ ಅರಗು ಕರಗಿ ಹತ್ತಿಕೊಳ್ಳುತ್ತದೆ, ಆಮೇಲೆ ಕೇದಗೆಯ ಗರಿ ಒತ್ತಿದರೆ ಹೊಳಪು. ಬೆಂಕಿಯೂ ಇಲ್ಲ, ಕುಂಚವೂ ಇಲ್ಲ. ನಮ್ಮ ಮನೆಯಲ್ಲಿ ಮೂರು ಮಕ್ಕಳ ಕೈ ದಾಟಿದ ಒಂದು ಕೆಂಪು ಬುಗುರಿ ಇದೆ, ಅದರ ಬಣ್ಣ ಇನ್ನೂ ಹೊಸ ಕುಂಕುಮದಂತೆ.

ಮರ ಬಲ್ಲವರು ಇದನ್ನೆಲ್ಲ ‘ಹದ’ ಎಂಬ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಕಡಿದ ದಿಮ್ಮಿ ಹದಕ್ಕೆ ಒಣಗಬೇಕು, ಉಳಿಯ ಬಾಯಿ ಹದವಾಗಿರಬೇಕು, ಅರಗು ಹದವಾಗಿ ಕರಗಬೇಕು. ಬಾಗಿಲಿನ ನಡುಹಲಗೆಯನ್ನು ಚೌಕಟ್ಟಿನ ತೋಡಿನಲ್ಲಿ ಅಂಟು ಹಾಕದೆ ಸಡಿಲವಾಗಿ ಕೂರಿಸುವುದೂ ಹದವೇ. ಮರ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ, ಉದ್ದಕ್ಕೆ ಮಾತ್ರ ಅಲ್ಲಾಡುವುದಿಲ್ಲ. ಉಸಿರಾಡಲು ಜಾಗ ಬಿಟ್ಟವನ ಬಾಗಿಲು ಬಿರಿಯುವುದಿಲ್ಲ. ಮರದ ನಡುವಿನ ಗಟ್ಟಿ ತಿರುಳಿಗೆ ನಮ್ಮಲ್ಲಿ ಕೆಚ್ಚು ಎಂದು ಹೆಸರು. ಮನುಷ್ಯನ ಧೈರ್ಯವನ್ನು ಹೇಳಲು ಕನ್ನಡ ಹುಡುಕಿಕೊಂಡದ್ದೂ ಅದನ್ನೇ: ಕೆಚ್ಚೆದೆ. ಮರವನ್ನು ಕೊಯ್ದು ಒಳಗೆ ಇಣುಕಿದವರೇ ಈ ಮಾತನ್ನು ಹುಟ್ಟಿಸಿರಬೇಕು ಎಂದು ನನಗೆ ಅನ್ನಿಸುತ್ತದೆ.

ಹಲಸಿನ ವಿಚಾರ ಕಡೆಗಿಟ್ಟುಕೊಂಡೆ, ಏಕೆಂದರೆ ಅದು ನನ್ನ ಪ್ರೀತಿಯ ಮರ. ಕೊಯ್ದ ದಿನ ಅರಿಸಿನದಂಥ ಹಳದಿ. ಆಗ್ನೇಯ ಏಷ್ಯಾದ ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಕೊಟ್ಟದ್ದು ಇದೇ ಕೆಚ್ಚಿನ ಚಕ್ಕೆಗಳ ಕಷಾಯ. ವರ್ಷ ಕಳೆದಂತೆ ಬೆಳಕು ತಾಗಿ ತಾಗಿ ಅದು ಜೇನಾಗುತ್ತದೆ, ಆಮೇಲೆ ಕಾಯಿಸಿದ ಬೆಲ್ಲದ ಬಣ್ಣ. ನಾದವನ್ನೂ ಬಲ್ಲ ಮರವದು. ಮೃದಂಗದ ಒಡಲು, ತಂಜಾವೂರು ವೀಣೆಯ ಕೊಡ ಹಲಸಿನದು. ನಮ್ಮ ಕರಾವಳಿಯ ಭೂತಗಳ ದೊಡ್ಡ ದೊಡ್ಡ ಮರದ ಮೂರ್ತಿಗಳನ್ನು ಕೆತ್ತಿದ್ದೂ ಹಲಸಿನಲ್ಲಿ. ಹಣ್ಣು ಕೊಟ್ಟ ಮರವೇ ಕೊನೆಗೆ ದೈವವೂ ಆಗಿ ನಿಲ್ಲುತ್ತದೆ.

ಅಜ್ಜಿಯ ಮಣೆಯೂ ಹಲಸಿನದೇ. ಅದರ ಮೇಲೆ ಅರಗು ಬಿದ್ದದ್ದೇ ಇಲ್ಲ. ಊಟಕ್ಕೆ ಕೂತವರ ಸೀರೆ, ಪಂಚೆ ಉಜ್ಜಿ, ದೀಪಾವಳಿಯ ಎಣ್ಣೆಸ್ನಾನದಲ್ಲಿ ಮೈಯಿಂದ ಇಳಿದ ಎಣ್ಣೆ ಕುಡಿದು, ನಡುಭಾಗ ಒಂದಿಷ್ಟು ತಗ್ಗಿ, ತಗ್ಗಿದಲ್ಲಿ ಕತ್ತಲ ಕೆರೆಯ ನೀರಿನಂತೆ ಹೊಳೆಯುತ್ತದೆ. ಅಂಚಿನಲ್ಲಿ ಬಾಚಿಯ ಏಟು ಈಗಲೂ ಕೈಗೆ ಸಿಗುತ್ತದೆ.

ಸಂಜೆ ಕುರ್ಚಿಯ ಕೆಲಸ ಮುಗಿದಾಗ ಬಟ್ಟಲಲ್ಲಿ ಅರಗು ಉಳಿದಿತ್ತು. ಮಣೆಗೂ ಒಂದು ಕೈ ಹಾಕಿಬಿಡಿ ಎಂದು ತಂದು ಮುಂದಿಟ್ಟೆ. ಚಾಚಾ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆಳಕಿಗೆ ಓರೆಮಾಡಿದರು. ಎರಡು ದಿನ ಬಟ್ಟೆ ಹಿಡಿದು ಕಂದಾಗಿದ್ದ ಹೆಬ್ಬೆರಳನ್ನು ಆ ತಗ್ಗಿನ ಮೇಲೆ ಎಳೆಯ ಉದ್ದಕ್ಕೆ ಒಮ್ಮೆ ಎಳೆದರು. ಮತ್ತೆ ಇನ್ನೊಮ್ಮೆ. ಆಮೇಲೆ ಮಣೆಯನ್ನು ಎರಡೂ ಕೈಯಲ್ಲಿ ಎತ್ತಿ ನನಗೇ ಮರಳಿ ಕೊಟ್ಟರು.

‘ಬೇಟಾ, ಇಸೇ ರಹನೇ ದೋ’ ಎಂದು ಬಟ್ಟಲನ್ನು ಮುಚ್ಚಿದರು.